ಸೀಸೆಯ ಮೇಲೆ ಹೆಸರಿದ್ದರೆ ಸಾಲದು: ಸಲ್ಫೊರಾಫೇನ್ ಕುರಿತು ಒಂದು ಬಹಿರಂಗ ಪತ್ರ

ಆಹಾರ ಪೂರಕಗಳಿಗೆ ಅನುಮತಿ ನೀಡುವ, ಅವುಗಳ ಲೇಬಲ್‌ಗಳನ್ನು ಪರಿಶೀಲಿಸುವ ಅಧಿಕಾರಿಗಳಿಗೆ. ಏನು ತಿನ್ನಬೇಕು ಎಂದು ಜನರಿಗೆ ತಿಳಿಹೇಳುವ ಆರೋಗ್ಯ ಇಲಾಖೆಗಳಿಗೆ,

ಮಾನ್ಯರೇ,

ಬ್ರೊಕೊಲಿ ಮತ್ತು ಅದರ ಬಳಗದ ತರಕಾರಿಗಳಿಂದ ದೊರೆಯುವ ಸಲ್ಫೊರಾಫೇನ್ ಎಂಬ ವಸ್ತುವಿನ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಜೀವರಸಾಯನಶಾಸ್ತ್ರ ಕಲಿಸುವುದು ನನ್ನ ವೃತ್ತಿ. ಸಸ್ಯಜನ್ಯ ವಸ್ತುಗಳ ಬಗ್ಗೆ ಕೇಳಿಬರುವ ಗುಣಗಾನದಲ್ಲಿ ಪ್ರಯೋಗಾಲಯದ ತಟ್ಟೆಯನ್ನು ದಾಟಿ ಮನುಷ್ಯನ ದೇಹದವರೆಗೆ ಬಂದು ನಿಲ್ಲುವಂಥದ್ದು ಬಹಳ ಕಡಿಮೆ. ಸಲ್ಫೊರಾಫೇನ್ ಹಾಗೆ ಬಂದು ನಿಂತ ಕೆಲವೇ ವಸ್ತುಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದಲೇ ಅದರ ಹೆಸರಿನಲ್ಲಿ ಜನರ ಕೈಗೆ ಏನು ಸಿಗುತ್ತಿದೆ ಎಂಬುದು ನನ್ನನ್ನು ಕಾಡುತ್ತದೆ. ಈ ವಸ್ತುವಿನ ಪ್ರಯೋಜನ ಯಾವ ಹಂತದಲ್ಲಿ ಕೈತಪ್ಪಿಹೋಗುತ್ತದೆ ಎಂಬುದು ಸಂಶೋಧಕರಿಗೆ ಚೆನ್ನಾಗಿ ತಿಳಿದಿದೆ. ಕೊಳ್ಳುವವರಿಗೆ ತಿಳಿದಿಲ್ಲ, ಅಡುಗೆ ಮಾಡುವವರಿಗೂ ತಿಳಿದಿಲ್ಲ. ಅದನ್ನು ಅವರಿಗೆ ತಿಳಿಯುವಂತೆ ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಬ್ರೊಕೊಲಿಯ ಒಂದು ಹೂಗೊಂಚಲನ್ನು ತೆಗೆದುಕೊಳ್ಳೋಣ. ಅದನ್ನು ಮುಟ್ಟದೆ ಹಾಗೇ ಇಟ್ಟಿರುವವರೆಗೆ ಅದರಲ್ಲಿ ಸಲ್ಫೊರಾಫೇನ್ ಇಲ್ಲವೆಂದೇ ಹೇಳಬೇಕು. ಇರುವುದು ಗ್ಲುಕೊರಾಫನಿನ್ ಎಂಬ ಅದರ ಪೂರ್ವವಸ್ತು. ಗಂಧಕವೂ ಸಕ್ಕರೆಯ ಅಣುವೂ ಸೇರಿದ ಈ ವಸ್ತು ಜೀವಕೋಶದ ರಸದಾನಿಯೊಳಗೆ ಕರಗಿಕೊಂಡು ಸುಮ್ಮನಿರುತ್ತದೆ. ಮೈರೋಸಿನೇಸ್ ಎಂಬ ಕಿಣ್ವವೂ ಅದೇ ಅಂಗಾಂಶದಲ್ಲಿ ಇದೆ, ಆದರೆ ಬೇರೆ ಕಡೆ ಪ್ರತ್ಯೇಕವಾಗಿ. ಹುಳು ಕಚ್ಚಿದಾಗ, ಚಾಕು ಬಿದ್ದಾಗ, ಹಲ್ಲು ಅರೆದಾಗ ಕೋಶಗಳ ಗೋಡೆ ಒಡೆದು ಎರಡೂ ಒಂದನ್ನೊಂದು ಕೂಡುತ್ತವೆ. ಕಿಣ್ವವು ಸಕ್ಕರೆಯ ಭಾಗವನ್ನು ಬೇರ್ಪಡಿಸುತ್ತದೆ. ಉಳಿದ ತುಣುಕು ತಾನಾಗಿ ಮರುಜೋಡಣೆಗೊಂಡು ಸಲ್ಫೊರಾಫೇನ್ ಆಗುತ್ತದೆ. ಸಾಸಿವೆಯನ್ನು ನೀರು ಹಾಕಿ ಅರೆದಾಗ ಮೂಗಿಗೆ ಹತ್ತುವ ಘಾಟು ಹುಟ್ಟುವುದೂ ಇದೇ ಬಗೆಯ ಕ್ರಿಯೆಯಿಂದ. ಗಿಡದ ಪಾಲಿಗೆ ಇದು ತನ್ನನ್ನು ತಿನ್ನಲು ಬಂದ ಕೀಟವನ್ನು ಓಡಿಸುವ ಉಪಾಯ. ಮನುಷ್ಯನಿಗೆ ಅದರಿಂದ ಒಳಿತಾಗುವುದು ಗಿಡದ ಉದ್ದೇಶವೇನೂ ಆಗಿರಲಿಲ್ಲ.

ಈ ಒಂದು ಪ್ಯಾರಾದಲ್ಲಿ ಹೇಳಿದ್ದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು. ನನ್ನ ಬೇಡಿಕೆಗಳೆಲ್ಲ ನಿಂತಿರುವುದು ಅದರ ಮೇಲೆಯೇ: ಪೂರ್ವವಸ್ತು ಒಂದು ಕಡೆ, ಕಿಣ್ವ ಇನ್ನೊಂದು ಕಡೆ, ಎರಡೂ ಕೂಡಿದರೆ ಮಾತ್ರ ಸಲ್ಫೊರಾಫೇನ್.

ಸಲ್ಫೊರಾಫೇನ್ ಅನ್ನು ರಸಾಯನತಜ್ಞರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಸ್ವಿಟ್ಜರ್ಲೆಂಡಿನ ಪೌಲ್ ಕ್ಯಾರರ್ ಮತ್ತು ಅವರ ಸಹೋದ್ಯೋಗಿ 1948ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಆದರೆ ಅದರ ಆರೋಗ್ಯದ ಕಥೆ ಶುರುವಾಗುವುದು 1992ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಪೌಲ್ ತಲಾಲೆ ಎಂಬ ಔಷಧವಿಜ್ಞಾನಿಗೆ ಒಂದು ಪ್ರಶ್ನೆ ಹಿಡಿದುಬಿಟ್ಟಿತ್ತು. ವಿಷವಸ್ತುಗಳನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಕಿಣ್ವಗಳು ನಮ್ಮ ಜೀವಕೋಶಗಳಲ್ಲಿಯೇ ಇವೆ. ಹೊರಗಿನಿಂದ ಔಷಧಿ ಕೊಡುವ ಬದಲು ಅವುಗಳನ್ನೇ ಹೆಚ್ಚಿಸುವ ಆಹಾರ ಇರಬಹುದೇ? ಅವರ ತಂಡ ಬೇರೆ ಬೇರೆ ತರಕಾರಿಗಳ ಸಾರವನ್ನು ಇಲಿಯ ಯಕೃತ್ತಿನ ಜೀವಕೋಶಗಳ ಮೇಲೆ ಹಾಕಿ ಪರೀಕ್ಷಿಸುತ್ತಾ ಹೋಯಿತು. ಬ್ರೊಕೊಲಿ ಎದ್ದು ಕಂಡಿತು. ಅದರಲ್ಲಿ ಈ ಕೆಲಸ ಮಾಡುವ ವಸ್ತು ಸಲ್ಫೊರಾಫೇನ್ ಎಂದು ಯೂಶೆಂಗ್ ಝಾಂಗ್, ತಲಾಲೆ ಮತ್ತು ಸಂಗಡಿಗರು ಪ್ರಕಟಿಸಿದರು. ಐದು ವರ್ಷಗಳ ಬಳಿಕ, 1997ರಲ್ಲಿ, ಜೆಡ್ ಫಾಹೆ ಅವರೂ ಸೇರಿದ ಅದೇ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು: ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ, ಅಷ್ಟೇ ತೂಕದ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಹೆಚ್ಚು ಗ್ಲುಕೊರಾಫನಿನ್ ಇರುತ್ತದೆ.

ಇದು ದೇಹದಲ್ಲಿ ಮಾಡುವ ಕೆಲಸದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಜಾಹೀರಾತುಗಳ ಮೂಲಕ ಬಲವಾಗಿ ಬೇರೂರಿದೆ. ಸಲ್ಫೊರಾಫೇನ್ ಅನ್ನು ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಎಂದು ಕರೆದು ಸಿ ಜೀವಸತ್ವದ ಪಕ್ಕದಲ್ಲಿ ಕೂರಿಸುತ್ತಾರೆ. ಅದರ ದಾರಿಯೇ ಬೇರೆ. ನಮ್ಮ ಜೀವಕೋಶಗಳಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಸಾಮಾನ್ಯ ಸ್ಥಿತಿಯಲ್ಲಿ ಕೀಪ್1 ಎಂಬ ಮತ್ತೊಂದು ಪ್ರೋಟೀನ್ ಅದನ್ನು ಹಿಡಿದುಕೊಂಡು, ಹುಟ್ಟಿದಂತೆಲ್ಲ ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಸಲ್ಫೊರಾಫೇನ್ ಕೀಪ್1ರ ಮೇಲಿನ ಗಂಧಕದ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ಆ ಹಿಡಿತ ಕೆಲಸ ಮಾಡುವುದಿಲ್ಲ. ಬಿಡುಗಡೆಯಾದ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಗೆ ಸಂಬಂಧಿಸಿದ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ವಿಷವಸ್ತುಗಳಿಗೆ ಜೀವಕೋಶವೇ ತಯಾರಿಸುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಜೋಡಿಸಿ ಅವು ಮೂತ್ರದಲ್ಲಿ ಹೊರಹೋಗುವಂತೆ ಮಾಡುವ ಕಿಣ್ವಗಳು ಹೀಗೆ ಹೆಚ್ಚುತ್ತವೆ. ಸಲ್ಫೊರಾಫೇನ್ ಸ್ವತಃ ಒಂದು ದಿನದೊಳಗೆ ಬಹುಮಟ್ಟಿಗೆ ದೇಹದಿಂದ ಹೊರಟುಹೋಗುತ್ತದೆ, ಆದರೆ ಅದು ಎಬ್ಬಿಸಿದ ಕಿಣ್ವಗಳು ಅದಕ್ಕಿಂತ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತವೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವಾಗ ಇಂದಿಗೂ ನನಗೆ ಸಂತೋಷವಾಗುತ್ತದೆ. ಕೀಟವನ್ನು ಓಡಿಸಲು ಗಿಡ ಹುಟ್ಟಿಸುವ ಘಾಟು ನಮ್ಮ ಜೀವಕೋಶವನ್ನು ಹೀಗೆ ಎಚ್ಚರಿಸುತ್ತದೆ ಎಂಬುದನ್ನು ಕಂಡುಹಿಡಿದ ಜನರ ತಾಳ್ಮೆಗೆ ತಲೆಬಾಗಬೇಕು.

ಇನ್ನು ಮನುಷ್ಯರ ಮೇಲೆ ನಡೆದ ಪ್ರಯೋಗಗಳಿಗೆ ಬರುತ್ತೇನೆ. ಇವುಗಳಲ್ಲಿ ಅತ್ಯಂತ ಕಲಿಸುವಂಥವು ಚೀನಾದ ಜಿಯಾಂಗ್ಸು ಪ್ರಾಂತ್ಯದ ಚಿಡಾಂಗ್‌ನಲ್ಲಿ ನಡೆದಿವೆ. ಅದು ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿದ್ದ ಪ್ರದೇಶ. ಧಾನ್ಯಕ್ಕೆ ಹಿಡಿಯುವ ಬೂಷ್ಟು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷ ಅದಕ್ಕೆ ಒಂದು ಕಾರಣ. ಆ ವಿಷ ಡಿಎನ್‌ಎಗೆ ಮಾಡುವ ಹಾನಿಯ ಗುರುತು ಮೂತ್ರದಲ್ಲಿ ಸಿಗುತ್ತದೆ. ಬ್ರೊಕೊಲಿ ಮೊಳಕೆಯ ಬಿಸಿನೀರಿನ ಕಷಾಯವನ್ನು ಕುಡಿಸಿದರೆ ಆ ಗುರುತು ಕಡಿಮೆಯಾಗುತ್ತದೆಯೇ ಎಂದು 200 ಜನರಲ್ಲಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕಷಾಯ ಕುಡಿದ ಗುಂಪಿಗೂ ಕುಡಿಯದ ಗುಂಪಿಗೂ ಒಟ್ಟಾರೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ಕುಡಿದವರ ಮೂತ್ರವನ್ನು ಪರೀಕ್ಷಿಸಿದಾಗ ಅಸಲಿ ವಿಷಯ ಬಯಲಾಯಿತು. ಎಲ್ಲರಿಗೂ ಒಂದೇ ಪ್ರಮಾಣ ಕೊಟ್ಟಿದ್ದರೂ ದೇಹಕ್ಕೆ ಸಿಕ್ಕಿದ್ದು ಒಬ್ಬರಿಗೆ ನೂರರಲ್ಲಿ 1ರಷ್ಟಾದರೆ ಇನ್ನೊಬ್ಬರಿಗೆ 45ರಷ್ಟು. ಹೆಚ್ಚು ಸಿಕ್ಕಿದವರಲ್ಲಿ ಹಾನಿಯ ಗುರುತು ಕಡಿಮೆಯಾಗಿತ್ತು.

ಯಾಕೆ ಹೀಗೆ? ಬಿಸಿನೀರಿನಲ್ಲಿ ಕಿಣ್ವ ಸತ್ತುಹೋಗಿತ್ತು. ಕುಡಿದದ್ದು ಬರಿಯ ಪೂರ್ವವಸ್ತು. ಮನುಷ್ಯನ ದೇಹದಲ್ಲಿ ಮೈರೋಸಿನೇಸ್ ಇಲ್ಲ. ಅದನ್ನು ಸಲ್ಫೊರಾಫೇನ್ ಆಗಿಸುವ ಕೆಲಸ ಕರುಳಿನ ಬ್ಯಾಕ್ಟೀರಿಯಗಳ ಪಾಲಿಗೆ ಬಿತ್ತು. ಕೆಲವರ ಕರುಳಿನಲ್ಲಿ ಆ ಕೆಲಸ ಬಲ್ಲ ಬ್ಯಾಕ್ಟೀರಿಯಗಳಿದ್ದವು, ಕೆಲವರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ.

ಸಂಶೋಧಕರು ಪಾಠ ಕಲಿತರು. ಮುಂದಿನ ಪ್ರಯೋಗದಲ್ಲಿ ಎರಡು ಬಗೆಯ ಪಾನೀಯ ಸಿದ್ಧಪಡಿಸಿದರು. ಒಂದರಲ್ಲಿ ಗ್ಲುಕೊರಾಫನಿನ್ ಮಾತ್ರ. ಇನ್ನೊಂದರಲ್ಲಿ, ಮೂಲಂಗಿ ಮೊಳಕೆಯ ಕಿಣ್ವವನ್ನು ಬಳಸಿ ಮೊದಲೇ ಸಲ್ಫೊರಾಫೇನ್ ಆಗಿ ಪರಿವರ್ತಿಸಿದ್ದು. 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೊದಲನೆಯದರಲ್ಲಿ ದೇಹಕ್ಕೆ ಸಿಕ್ಕಿ ಮೂತ್ರದಲ್ಲಿ ಕಂಡದ್ದು ಸುಮಾರು 5 ಶೇಕಡಾ, ಎರಡನೆಯದರಲ್ಲಿ ಸುಮಾರು 70 ಶೇಕಡಾ. ಮಾನ್ಯರೇ, ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಒಂದೇ ಗಿಡ, ಒಂದೇ ಊರಿನ ಜನ, ಎರಡು ಪಾನೀಯಗಳ ಲೇಬಲ್ ಮೇಲೂ 'ಬ್ರೊಕೊಲಿ ಮೊಳಕೆಯ ಸಾರ' ಎಂದು ಸತ್ಯವಾಗಿಯೇ ಬರೆಯಬಹುದಿತ್ತು.

ಎರಡನ್ನೂ ಬೆರೆಸಿದ ಪಾನೀಯವನ್ನು ಅದೇ ಪ್ರದೇಶದ 291 ಜನರಲ್ಲಿ 12 ವಾರಗಳ ಕಾಲ ಪರೀಕ್ಷಿಸಿದರು. ಒಂದು ಗುಂಪಿಗೆ ಬ್ರೊಕೊಲಿ ಇಲ್ಲದ ಪಾನೀಯ. ಈ ಬಾರಿ ಪ್ರಶ್ನೆ ವಾಯುಮಾಲಿನ್ಯದ್ದು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬ್ರೊಕೊಲಿ ಪಾನೀಯ ಕುಡಿದವರ ದೇಹದಿಂದ ಬೆಂಝೀನ್ ನಿರ್ವಿಷಗೊಂಡ ರೂಪದಲ್ಲಿ ಹೊರಹೋಗುವ ಪ್ರಮಾಣ 61 ಶೇಕಡಾ ಹೆಚ್ಚಿತು, ಅಕ್ರೋಲೀನ್ ಎಂಬ ಇನ್ನೊಂದು ಮಾಲಿನ್ಯಕಾರಕ ವಿಷ ಹಾಗೆ ಹೊರಹೋಗುವ ಪ್ರಮಾಣ 23 ಶೇಕಡಾ ಹೆಚ್ಚಿತು. ಬೆಂಝೀನ್ ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಸ್ತು; ವಾಹನಗಳ ಹೊಗೆಯಲ್ಲಿ, ಸಿಗರೇಟಿನ ಹೊಗೆಯಲ್ಲಿ ಇರುತ್ತದೆ. ಪರಿಣಾಮ ಶುರುವಾಗಲು ವಾರಗಟ್ಟಲೆ ಕಾಯಬೇಕಾಗಲಿಲ್ಲ, 12 ವಾರಗಳ ಕೊನೆಯವರೆಗೂ ಅದು ಮಂಕಾಗಲಿಲ್ಲ. ಗಾಳಿಯನ್ನು ಶುಚಿಗೊಳಿಸುವ ಹೊಣೆಯಿಂದ ಯಾವ ಸರ್ಕಾರವೂ ಇದರಿಂದ ಪಾರಾಗಲಾರದು. ಆದರೂ ತರಕಾರಿಯ ಒಂದು ವಸ್ತು ಮನುಷ್ಯನ ದೇಹದಲ್ಲಿ ಅಳೆಯಲು ಬರುವ ಕೆಲಸ ಮಾಡಿದ್ದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ.

ಬೇರೆ ಪ್ರಯೋಗಗಳ ಫಲ ಮಿಶ್ರವಾಗಿದೆ, ಅದನ್ನೂ ಮುಚ್ಚಿಡದೆ ಹೇಳಬೇಕು. ಜಪಾನಿನಲ್ಲಿ ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿದ್ದ 48 ಜನರಲ್ಲಿ ಒಂದು ಗುಂಪು ದಿನಕ್ಕೆ 70 ಗ್ರಾಂ ಬ್ರೊಕೊಲಿ ಮೊಳಕೆಯನ್ನು 8 ವಾರ ತಿಂದಿತು. ಸೋಂಕಿನ ಮಟ್ಟ ಇಳಿಯಿತು, ತಿನ್ನುವುದನ್ನು ನಿಲ್ಲಿಸಿದ ಮೇಲೆ ಮತ್ತೆ ಏರಿತು. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೆಯ ಬಗೆಯ ಮಧುಮೇಹವಿದ್ದ 97 ಜನರ ಪೈಕಿ ಬೊಜ್ಜೂ ಇದ್ದು ಸಕ್ಕರೆ ಹತೋಟಿಗೆ ಬಾರದವರಲ್ಲಿ ಮೊಳಕೆಯ ಸಾಂದ್ರ ಸಾರದಿಂದ ಖಾಲಿ ಹೊಟ್ಟೆಯ ಸಕ್ಕರೆ ಮಟ್ಟ ಇಳಿದಿತ್ತು. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಆಮೇಲೆ ನಡೆದ ಪ್ರಯೋಗದಲ್ಲಿ ಇಳಿಕೆ ಕಂಡರೂ ಮೊದಲೇ ನಿಗದಿಪಡಿಸಿಕೊಂಡಿದ್ದ ಗುರಿಯನ್ನು ಮುಟ್ಟಲಿಲ್ಲ. ಅಲ್ಲಿಯೂ ಯಾರಿಗೆ ಹೆಚ್ಚು ಫಲ ಸಿಕ್ಕಿತು ಎಂಬುದಕ್ಕೆ ಕರುಳಿನ ಬ್ಯಾಕ್ಟೀರಿಯಗಳ ಜೊತೆ ನಂಟು ಕಂಡಿತು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿದ್ದ 89 ರೋಗಿಗಳಿಗೆ ನಾಲ್ಕು ವಾರ ಸಲ್ಫೊರಾಫೇನ್ ಕೊಟ್ಟ ಪ್ರಯೋಗದಲ್ಲಿ, ಶ್ವಾಸಕೋಶದ ಜೀವಕೋಶಗಳಲ್ಲಿ ನಿರೀಕ್ಷಿಸಿದ್ದ ಬದಲಾವಣೆ ಕಾಣಲಿಲ್ಲ. ಸ್ವಲೀನತೆ (ಆಟಿಸಂ) ಇರುವ ಯುವಕರಲ್ಲಿ 2014ರ ಒಂದು ಸಣ್ಣ ಅಧ್ಯಯನ ಬಹಳ ಆಸೆ ಹುಟ್ಟಿಸಿತು. ಮಕ್ಕಳ ಮೇಲೆ ಮುಂದೆ ನಡೆದ ಅಧ್ಯಯನದ ಮುಖ್ಯ ಅಳತೆಯಲ್ಲಿ ಅಂಥ ಸ್ಪಷ್ಟ ಫಲ ಸಿಗಲಿಲ್ಲ. ಈ ಕೊನೆಯದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಮಗುವಿನ ಸ್ಥಿತಿ ಸುಧಾರಿಸಲಿ ಎಂದು ಏನನ್ನಾದರೂ ಕೊಳ್ಳಲು ಸಿದ್ಧರಿರುವ ತಂದೆತಾಯಿಯರಿಗೆ ಮೊದಲ ಸುದ್ದಿ ತಲುಪುತ್ತದೆ, ಎರಡನೆಯದು ತಲುಪುವುದಿಲ್ಲ.

ಈಗ ಸೀಸೆಯ ಮಾತು. ಸಲ್ಫೊರಾಫೇನ್ ಹೆಸರಿನಲ್ಲಿ ಮಾರಾಟಕ್ಕಿರುವ ಒಂದು ಪೂರಕದ ಲೇಬಲ್ ಅನ್ನು ಹೇಗೆ ಓದಬೇಕು ಎಂದು ತೋರಿಸುತ್ತೇನೆ. ಶುದ್ಧ ಸಲ್ಫೊರಾಫೇನ್ ಕೋಣೆಯ ಉಷ್ಣಾಂಶದಲ್ಲಿ ಬಾಳುವುದಿಲ್ಲ, ತಣ್ಣಗೆ ಇಡದಿದ್ದರೆ ಒಡೆದುಹೋಗುತ್ತದೆ. ಆದ್ದರಿಂದ ವಿಶೇಷವಾಗಿ ಸ್ಥಿರಗೊಳಿಸಿದ ಕೆಲವನ್ನು ಬಿಟ್ಟರೆ ಕ್ಯಾಪ್ಸೂಲಿನೊಳಗೆ ಇರುವುದು ಸಾಮಾನ್ಯವಾಗಿ ಗ್ಲುಕೊರಾಫನಿನ್. ಲೇಬಲ್ ಮೇಲೆ '100 ಮಿಲಿಗ್ರಾಂ ಗ್ಲುಕೊರಾಫನಿನ್' ಎಂದಿದೆ ಎಂದುಕೊಳ್ಳಿ. ಗ್ಲುಕೊರಾಫನಿನ್ ಅಣುವಿನ ತೂಕ ಸುಮಾರು 437, ಸಲ್ಫೊರಾಫೇನ್‌ದು 177. ಅಂದರೆ ಒಂದು ಕಣವೂ ವ್ಯರ್ಥವಾಗದೆ ಪೂರ್ತಿ ಪರಿವರ್ತನೆಯಾದರೂ ಸಿಗುವುದು ಸುಮಾರು 40 ಮಿಲಿಗ್ರಾಂ. ಕಿಣ್ವವಿಲ್ಲದ ಪುಡಿಯಾದರೆ ನೂರಕ್ಕೆ ಸುಮಾರು 10ರಷ್ಟು ಪರಿವರ್ತನೆ ಎಂದು ಹಿಡಿದರೂ 4 ಮಿಲಿಗ್ರಾಂ. ಕರುಳು ಸಹಕರಿಸದ ವ್ಯಕ್ತಿಗೆ ಅದಕ್ಕಿಂತಲೂ ಕಡಿಮೆ. ಚುರುಕಾದ ಕಿಣ್ವವೂ ಜೊತೆಗಿದ್ದರೆ 14 ಅಥವಾ 16 ಮಿಲಿಗ್ರಾಂ ಸಿಗಬಹುದು. ಕೊಳ್ಳುವವರು ಇಷ್ಟೆಲ್ಲ ಲೆಕ್ಕ ಹಾಕಲು ಸಾಧ್ಯವೇ? ಇನ್ನು 'ಬ್ರೊಕೊಲಿ ಪುಡಿ 500 ಮಿಲಿಗ್ರಾಂ' ಎಂದಷ್ಟೇ ಬರೆದಿರುವ ಲೇಬಲ್ ಬಗ್ಗೆ ಹೇಳುವುದೇ ಬೇಡ. ಅದರಲ್ಲಿ ಪೂರ್ವವಸ್ತು ಎಷ್ಟು, ಒಣಗಿಸುವಾಗ ಕಿಣ್ವ ಉಳಿಯಿತೇ ಎಂಬ ಎರಡು ಮುಖ್ಯ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಕಿಣ್ವ ಸೇರಿಸಿದ್ದೇವೆ ಎನ್ನುವವರೂ ಜಠರದ ಆಮ್ಲವನ್ನು ದಾಟಿ ಅದು ಉಳಿಯುತ್ತದೆಯೇ ಎಂದು ಪರೀಕ್ಷಿಸಿ ತೋರಿಸಬೇಕು.

ಅಡುಗೆಮನೆಯಲ್ಲಿಯೂ ಇದೇ ನಷ್ಟ ಆಗುತ್ತದೆ, ಆದರೆ ಅಲ್ಲಿ ಅದನ್ನು ತಡೆಯಲು ಖರ್ಚಿಲ್ಲ. ನೆದರ್ಲೆಂಡ್ಸ್‌ನಲ್ಲಿ ಎಂಟು ಜನರಿಗೆ ಒಮ್ಮೆ 200 ಗ್ರಾಂ ಹಸಿ ಬ್ರೊಕೊಲಿ, ಇನ್ನೊಮ್ಮೆ ಅಷ್ಟೇ ಪ್ರಮಾಣದ ಬೇಯಿಸಿದ ಬ್ರೊಕೊಲಿ ಕೊಟ್ಟು 2008ರಲ್ಲಿ ವರದಿ ಮಾಡಿದರು. ಹಸಿಯದರಲ್ಲಿ ದೇಹಕ್ಕೆ ಸಿಕ್ಕಿದ್ದು 37 ಶೇಕಡಾ, ಬೇಯಿಸಿದ್ದರಲ್ಲಿ 3.4 ಶೇಕಡಾ. ಕಿಣ್ವ ಬಿಸಿಗೆ ಸಾಯುತ್ತದೆ. ಕುದಿಸಿದರೆ ಪೂರ್ವವಸ್ತುವಿನ ಒಂದು ಭಾಗವೂ ನೀರಿಗಿಳಿದು ಚೆಲ್ಲಿಹೋಗುತ್ತದೆ. ಶೀತಲೀಕರಿಸಿ ಮಾರುವ ಬ್ರೊಕೊಲಿಯಲ್ಲಿ ಗೃಹಿಣಿಯ ತಪ್ಪೇನೂ ಇಲ್ಲದೆ ಈ ಹಾನಿ ಮೊದಲೇ ಆಗಿರುತ್ತದೆ, ಏಕೆಂದರೆ ಹೆಪ್ಪುಗಟ್ಟಿಸುವ ಮುನ್ನ ಅದನ್ನು ಕಾರ್ಖಾನೆಯಲ್ಲಿ ಬಿಸಿನೀರಿನಲ್ಲಿಯೋ ಹಬೆಯಲ್ಲಿಯೋ ಹಾಯಿಸುತ್ತಾರೆ.

ಹಾಗೆಂದು ಎಲ್ಲವನ್ನೂ ಹಸಿಯಾಗಿ ತಿನ್ನಿ ಎಂದು ಯಾರಿಗೂ ನಾನು ಹೇಳುವುದಿಲ್ಲ. ಮೊದಲು ಕತ್ತರಿಸಿ, ಆಮೇಲೆ ಕಾಯಿರಿ, ಕೊನೆಗೆ ಬೇಯಿಸಿ, ಇಷ್ಟೇ. ಹೂಗೊಂಚಲುಗಳನ್ನು ಸಣ್ಣದಾಗಿ ಹೆಚ್ಚಿದಷ್ಟೂ ಹೆಚ್ಚು ಕೋಶಗಳು ಒಡೆಯುತ್ತವೆ. ಹಲಗೆಯ ಮೇಲೆ ತುಣುಕುಗಳು ತೇವಗೊಂಡು, ಮೊದಲಿರದ ಒಂದು ತೀಕ್ಷ್ಣ ವಾಸನೆ ಏಳುತ್ತದೆ. ಗಂಧಕದ ಆ ವಾಸನೆ ಬಂತೆಂದರೆ ಕಿಣ್ವ ಕೆಲಸಕ್ಕೆ ಇಳಿದಿದೆ ಎಂದರ್ಥ. ಆ ಹಂತದಲ್ಲಿ ಅದನ್ನು ಕೂಡಲೇ ಬಾಣಲೆಗೆ ಹಾಕದೆ ಬಿಡಬೇಕು. 2018ರ ಒಂದು ಅಧ್ಯಯನದಲ್ಲಿ 2 ಮಿಲಿಮೀಟರ್ ತುಣುಕುಗಳಾಗಿ ಹೆಚ್ಚಿ 90 ನಿಮಿಷ ಬಿಟ್ಟು ಹುರಿದ ಬ್ರೊಕೊಲಿಯಲ್ಲಿ, ಹೆಚ್ಚಿದ ತಕ್ಷಣ ಹುರಿದದ್ದಕ್ಕಿಂತ 2.8 ಪಟ್ಟು ಸಲ್ಫೊರಾಫೇನ್ ಇತ್ತು. ಅಷ್ಟು ಹೊತ್ತು ಕಾಯಲು ಆಗದವರು ಅರ್ಧ ಗಂಟೆ ಬಿಟ್ಟರೂ ಲಾಭವೇ. ಒಮ್ಮೆ ಸಲ್ಫೊರಾಫೇನ್ ಹುಟ್ಟಿತೆಂದರೆ ಮುಂದಿನ ಅಡುಗೆಗೆ ಆ ಕಿಣ್ವದ ಅಗತ್ಯವೇ ಇರುವುದಿಲ್ಲ. ಬೇಯಿಸುವ ವಿಧಾನವನ್ನು ಆರಿಸಿಕೊಳ್ಳಬಹುದಾದರೆ ಐದು ನಿಮಿಷ ಮೀರದಂತೆ ಹಬೆಯಲ್ಲಿ ಬೇಯಿಸುವುದು ಒಳ್ಳೆಯದು; ಇಲಿನಾಯ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಕುದಿಸಿದಾಗಲೂ ಮೈಕ್ರೋವೇವ್‌ನಲ್ಲಿ ಇಟ್ಟಾಗಲೂ ಒಂದು ನಿಮಿಷದೊಳಗೇ ಕಿಣ್ವದ ಬಹುಭಾಗ ಹೋಗಿತ್ತು, ಹಬೆಯಲ್ಲಿ ಉಳಿದುಕೊಂಡಿತ್ತು.

ಹದವಾದ ಬಿಸಿಯಿಂದ ಒಂದು ಉಪಕಾರವೂ ಇದೆ, ನನಗೆ ಬಹಳ ಮೆಚ್ಚಿಗೆಯಾದ ವಿವರ ಅದು. ಬ್ರೊಕೊಲಿಯಲ್ಲಿ ಇನ್ನೊಂದು ಪ್ರೋಟೀನ್ ಇದೆ. ಅದು ಇದ್ದಾಗ ಗ್ಲುಕೊರಾಫನಿನ್ ದಾರಿ ತಪ್ಪಿ, ಪ್ರಯೋಜನವಿಲ್ಲದ ನೈಟ್ರೈಲ್ ಎಂಬ ವಸ್ತುವಾಗಿಬಿಡುತ್ತದೆ. ಈ ಪ್ರೋಟೀನ್ ಮೈರೋಸಿನೇಸ್‌ಗಿಂತ ಬೇಗ ಬಿಸಿಗೆ ಸೋಲುತ್ತದೆ. ಹಾಗಾಗಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಐದರಿಂದ ಹತ್ತು ನಿಮಿಷ ಬಿಸಿಮಾಡಿದ ಬ್ರೊಕೊಲಿಯಲ್ಲಿ ಹಸಿಯದಕ್ಕಿಂತಲೂ ಹೆಚ್ಚು ಸಲ್ಫೊರಾಫೇನ್ ಹುಟ್ಟಿತು. ಅದಕ್ಕಿಂತ ಮೇಲೆ ಹೋದರೆ ಎರಡೂ ನಾಶ.

ಆಗಲೇ ಬೆಂದುಹೋಗಿದ್ದರೆ? ಅದಕ್ಕೂ ದಾರಿ ಇದೆ. ಸಾಸಿವೆಯಲ್ಲಿಯೂ ಮೂಲಂಗಿಯಲ್ಲಿಯೂ ಅದೇ ಕಿಣ್ವವಿದೆ, ಸಾಸಿವೆಯಲ್ಲಿರುವುದು ಬಿಸಿಗೆ ಹೆಚ್ಚು ತಡೆದುಕೊಳ್ಳುತ್ತದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 200 ಗ್ರಾಂ ಬೇಯಿಸಿದ ಬ್ರೊಕೊಲಿಗೆ ಕೇವಲ 1 ಗ್ರಾಂ ಸಾಸಿವೆ ಪುಡಿ ಉದುರಿಸಿ 12 ಜನರಿಗೆ ಕೊಟ್ಟರು. ದೇಹಕ್ಕೆ ಸಿಕ್ಕ ಸಲ್ಫೊರಾಫೇನ್ ನಾಲ್ಕು ಪಟ್ಟಿಗೂ ಮಿಕ್ಕಿ ಏರಿತು. ಹಸಿ ಸಾಸಿವೆಯನ್ನು ಪುಡಿಮಾಡಿ, ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು ಎಂಬುದಷ್ಟೇ ಷರತ್ತು. ಎಣ್ಣೆಯಲ್ಲಿ ಸಿಡಿಸಿದ ಸಾಸಿವೆಯಲ್ಲಿ ಕಿಣ್ವ ಉಳಿದಿರುವುದಿಲ್ಲ. ಒಂದು ಚಿಟಿಕೆ ಪುಡಿಯ ಈ ಸಲಹೆ ಆರೋಗ್ಯ ಇಲಾಖೆಗಳ ಕರಪತ್ರಗಳಲ್ಲಿ ಯಾಕಿಲ್ಲ? 'ಹಸಿರು ತರಕಾರಿ ತಿನ್ನಿ' ಎಂದು ಹೇಳಿ ನಿಲ್ಲಿಸುವ ಕರಪತ್ರಗಳು ಇನ್ನು ಎರಡೇ ವಾಕ್ಯ ಸೇರಿಸಿದ್ದರೆ ಸಾಕಿತ್ತು.

ಬ್ರೊಕೊಲಿ ಸಿಗದವರೂ ಕೈಚೆಲ್ಲಬೇಕಾಗಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಎಲ್ಲವೂ ಇದೇ ಬಳಗದವು. ಸಾಮಾನ್ಯ ಎಲೆಕೋಸಿನಲ್ಲಿ ಗ್ಲುಕೊರಾಫನಿನ್ ಕಡಿಮೆ, ಕೆಂಪು ಎಲೆಕೋಸಿನಲ್ಲಿ ಹೆಚ್ಚು. ಉಳಿದವುಗಳಲ್ಲಿಯೂ ಸಲ್ಫೊರಾಫೇನ್‌ನ ದಾಯಾದಿ ವಸ್ತುಗಳಿವೆ, ಕತ್ತರಿಸಿ ಕಾಯುವ ಕ್ರಮ ಎಲ್ಲಕ್ಕೂ ಅನ್ವಯಿಸುತ್ತದೆ.

ಪ್ರಯೋಜನವನ್ನು ಇಷ್ಟು ಒತ್ತಿ ಹೇಳುವವನು ಅಪಾಯವನ್ನೂ ಅಷ್ಟೇ ಒತ್ತಿ ಹೇಳಬೇಕು. ಎನ್‌ಆರ್‌ಎಫ್2 ಜೀವಕೋಶವನ್ನು ಕಾಪಾಡುತ್ತದೆ, ಆದರೆ ಕಾಪಾಡುವಾಗ ಅದು ಒಳ್ಳೆಯ ಕೋಶ, ಕೆಟ್ಟ ಕೋಶ ಎಂದು ಭೇದ ಮಾಡುವುದಿಲ್ಲ. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಕೀಪ್1 ಕೆಟ್ಟು, ಎನ್‌ಆರ್‌ಎಫ್2 ಸದಾ ಚುರುಕಾಗಿದ್ದು, ಗಡ್ಡೆಯ ಕೋಶಗಳು ಔಷಧಿಯಿಂದ ತಪ್ಪಿಸಿಕೊಳ್ಳಲು ಅದೇ ನೆರವಾಗುತ್ತದೆ. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಸಾಂದ್ರ ಸಾರದ ಮಾತ್ರೆಗಳನ್ನು ವೈದ್ಯರಿಗೆ ತಿಳಿಸದೆ ನುಂಗಬಾರದು. ತಟ್ಟೆಯಲ್ಲಿರುವ ತರಕಾರಿಗೆ ಈ ಭಯ ಬೇಡ. ಆದರೆ 'ಕ್ಯಾನ್ಸರ್ ವಿರೋಧಿ' ಎಂಬ ಸೂಚನೆಯೊಂದಿಗೆ ಮಾರುವ ಸೀಸೆ, ಸೇವಿಸುವ ಮುನ್ನ ಎರಡು ಬಾರಿ ಯೋಚಿಸಬೇಕಾದ ರೋಗಿಯ ಕೈಗೇ ಮೊದಲು ತಲುಪುತ್ತದೆ, ನನ್ನನ್ನು ಹೆಚ್ಚು ಹೆದರಿಸುವುದು ಅದೇ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುವವರು ಈ ತರಕಾರಿಗಳ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು, ಅವುಗಳಲ್ಲಿ ಕೆ ಜೀವಸತ್ವ ಬಹಳ ಇದೆ. ಅಯೋಡಿನ್ ಕೊರತೆಯಿರುವವರು ಈ ಬಳಗದ ತರಕಾರಿಗಳನ್ನು ಹಸಿಯಾಗಿ ರಾಶಿಗಟ್ಟಲೆ ತಿನ್ನುವುದೂ ಥೈರಾಯ್ಡ್ ಗ್ರಂಥಿಗೆ ಹಿತವಲ್ಲ.

ಮೊಳಕೆಯ ವಿಷಯ ಇನ್ನೂ ಗಂಭೀರ. ಮೊಳಕೆ ಬರಿಸುವ ಬೆಚ್ಚನೆಯ ತೇವವೇ ಬ್ಯಾಕ್ಟೀರಿಯಗಳಿಗೂ ಬೇಕಾದ್ದು. 1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಇ. ಕೋಲಿ ಸೋಂಕಿಗೆ ಸಿಕ್ಕಿ ಸಾವಿರಾರು ಶಾಲಾಮಕ್ಕಳು ಕಾಯಿಲೆ ಬಿದ್ದಾಗ ಬೆರಳು ತೋರಿದ್ದು ಮೂಲಂಗಿ ಮೊಳಕೆಯ ಕಡೆಗೆ. 2011ರಲ್ಲಿ ಜರ್ಮನಿಯಲ್ಲಿ ಹತ್ತಾರು ಜನರನ್ನು ಬಲಿ ತೆಗೆದುಕೊಂಡ ಸೋಂಕಿನ ಜಾಡು ಮೆಂತ್ಯದ ಮೊಳಕೆಗೆ ಮುಟ್ಟಿತು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆಯನ್ನು ತಿನ್ನಬಾರದು. ಮನೆಯಲ್ಲಿ ಬೆಳೆಸಿದ್ದು ಎಂಬ ಕಾರಣಕ್ಕೆ ಅದು ಸುರಕ್ಷಿತವಾಗುವುದಿಲ್ಲ, ಬೀಜದಲ್ಲಿಯೇ ಸೋಂಕು ಇರಬಹುದು. ಅವರಿಗೆ ಬಲಿತ ಬ್ರೊಕೊಲಿ ಮತ್ತು ಚಿಟಿಕೆ ಸಾಸಿವೆ ಪುಡಿ ಸಾಕು.

ಅಧಿಕಾರಿಗಳೇ, ನಾನು ಕೇಳುತ್ತಿರುವುದು ನಿಷೇಧವನ್ನಲ್ಲ. ಒಳ್ಳೆಯ ರೀತಿಯಲ್ಲಿ ತಯಾರಾದ ಪೂರಕಗಳಿವೆ, ಅವುಗಳಿಂದ ಪ್ರಯೋಜನ ಪಡೆಯುವವರಿರಬಹುದು, ಸಂಶೋಧನೆಗೂ ಅವು ಬೇಕು. ನನ್ನ ಕೋರಿಕೆ ಇದು: ಸಲ್ಫೊರಾಫೇನ್ ಎಂಬ ಹೆಸರನ್ನು ಲೇಬಲ್ ಮೇಲೆ ಹಾಕುವ ಯಾವ ತಯಾರಕರೇ ಆಗಲಿ, ಒಂದು ಪ್ರಮಾಣದಿಂದ ಎಷ್ಟು ಮಿಲಿಗ್ರಾಂ ಸಲ್ಫೊರಾಫೇನ್ ಹುಟ್ಟುತ್ತದೆ ಎಂಬುದನ್ನು ಪರೀಕ್ಷಿಸಿ, ಆ ಅಂಕಿಯನ್ನು ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಲಿ. ಕಿಣ್ವ ಇದೆಯೋ ಇಲ್ಲವೋ ಸ್ಪಷ್ಟವಾಗಿ ಬರೆಯಲಿ. ಪರೀಕ್ಷೆ ಕಾರ್ಖಾನೆಯಿಂದ ಹೊರಬಿದ್ದ ದಿನದ ಸರಕಿನ ಮೇಲಷ್ಟೇ ನಡೆದರೆ ಪ್ರಯೋಜನವಿಲ್ಲ, ಬಳಕೆಯ ಅವಧಿ ಮುಗಿಯುವ ಹೊತ್ತಿನ ಸರಕಿನ ಮೇಲೂ ನಡೆಯಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಎಚ್ಚರಿಕೆಯ ಮಾತು ಇರಲಿ. ರೋಗ ಗುಣಪಡಿಸುತ್ತದೆ ಎಂಬ ಅರ್ಥ ಬರುವ ಯಾವ ಮಾತಿಗೂ, ಅದನ್ನು ಎಷ್ಟೇ ಜಾಣತನದಿಂದ ಸುತ್ತಿ ಹೇಳಿದ್ದರೂ, ಒಪ್ಪಿಗೆ ಬೇಡ. ಶೀತಲೀಕರಿಸಿದ ತರಕಾರಿಯ ಪೊಟ್ಟಣದ ಮೇಲೆ ಬೇಯಿಸುವ ವಿಧಾನವನ್ನು ಹೇಗೂ ಬರೆಯುತ್ತಾರೆ. ಅದರ ಜೊತೆಗೆ ಸಾಸಿವೆ ಪುಡಿಯ ಅಥವಾ ಹಸಿ ಮೂಲಂಗಿಯ ಸಲಹೆಯೂ ಒಂದು ಸಾಲು ಬರಲಿ.

ಆರೋಗ್ಯ ಇಲಾಖೆಯವರಲ್ಲಿ ಕೇಳುವುದು ಇನ್ನೂ ಸುಲಭವಾದದ್ದು. ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಅಡುಗೆಯವರಿಗೆ ನೀವು ಕೊಡುವ ತರಬೇತಿಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಿ. ತರಕಾರಿಯನ್ನು ತೊಳೆದ ಮೇಲೆ ಮೊದಲು ಹೆಚ್ಚುವ ಕೆಲಸ ಮುಗಿಸಿ, ಬೇರೆ ಅಡುಗೆ ಆಗುವವರೆಗೆ ಅದನ್ನು ಬದಿಗಿಡುವಂತೆ ಹೇಳಿ. ದೊಡ್ಡ ಅಡುಗೆಮನೆಗಳಲ್ಲಿ ಕೆಲಸದ ಸರದಿಯನ್ನು ಹೀಗೆ ಬದಲಿಸುವುದರಿಂದ ಒಬ್ಬರಿಗೂ ಹೆಚ್ಚಿನ ದುಡಿಮೆ ಬೀಳುವುದಿಲ್ಲ.

ಪೂರಕಗಳ ಪರವಾನಗಿ ವಿಭಾಗದವರಿಗೆ ಕೊನೆಯದಾಗಿ ಒಂದು ಮಾತು. ಸಲ್ಫೊರಾಫೇನ್ ಹೆಸರಿನ ಮುಂದಿನ ಅರ್ಜಿ ನಿಮ್ಮ ಮೇಜಿಗೆ ಬಂದಾಗ, ಅದರಿಂದ ಹುಟ್ಟುವ ಸಲ್ಫೊರಾಫೇನ್ ಎಷ್ಟು ಮಿಲಿಗ್ರಾಂ ಎಂಬ ಅಂಕಿಯನ್ನೂ ಅದನ್ನು ಅಳೆದ ವಿಧಾನವನ್ನೂ ಕೇಳಿ ಪಡೆಯಿರಿ. ಅವೆರಡೂ ಕಡತದಲ್ಲಿ ಸೇರುವವರೆಗೆ ಸಹಿ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿ,
ಜೀವರಸಾಯನಶಾಸ್ತ್ರದ ಒಬ್ಬ ಅಧ್ಯಾಪಕ